ಬಿಸಿಯೋಗದ ಪಣ ಮುಗಿದ ಮೇಲೆ ಮುಂದೇನು?

ನಮ್ಮ ಪತ್ರಿಕೆಯಲ್ಲಿ ಕೊಳೆರೋಗ, ಬೋರ್ಡೋ ದ್ರಾವಣ, ಗೊಬ್ಬರದ ಪ್ರಮಾಣ, ಮಾರುಕಟ್ಟೆಯ ಧಾರಣೆ ಇವುಗಳ ಬಗೆಗೆ ಬರೆಯುವುದೇ ಹೆಚ್ಚು. ಆದರೆ ತೋಟ ನೆಟ್ಟಗಿರಬೇಕಾದರೆ ತೋಟಿಗನೂ ನೆಟ್ಟಗಿರಬೇಕಷ್ಟೆ. ಎರಡು ಎಕರೆ ತೋಟದ ಬೆಳೆಗಾರನಿಗೆ ಅವನ ಬೆನ್ನು, ಮೊಣಕಾಲು, ಉಸಿರು ಇವೇ ಮೂಲ ಬಂಡವಾಳ. ಕೊಯ್ಲಿನ ಹೊತ್ತಿಗೆ ಸೊಂಟ ಹಿಡಿದು ಮಲಗಿದರೆ ಫಸಲನ್ನು ಖೇಣಿಗೆ ಕೊಡುವುದೊಂದೇ ದಾರಿ. ವರ್ಷವಿಡೀ ದುಡಿದ ಲಾಭದಲ್ಲಿ ಒಂದು ಪಾಲು ಖೇಣಿದಾರನಿಗೆ ಹೋಗುತ್ತದೆ. ಆದ್ದರಿಂದ ಮೈಯ ವಿಚಾರ ನಮ್ಮ ಮಟ್ಟಿಗೆ ಶೋಕಿಯ ವಿಚಾರವಲ್ಲ, ಲೆಕ್ಕದ ವಿಚಾರ.

ಪಟ್ಟಣದಲ್ಲಿ ಓದುವ, ನೌಕರಿ ಮಾಡುವ ನಮ್ಮ ಮಕ್ಕಳು ಇತ್ತೀಚಿನ ವರ್ಷಗಳಲ್ಲಿ ‘ಹಾಟ್ ಯೋಗ’ ಎಂಬ ಹೊಸ ಹೆಸರನ್ನು ಮನೆಗೆ ತಂದಿದ್ದಾರೆ. ಕಾಯಿಸಿದ ಕೋಣೆಯಲ್ಲಿ ಮೂವತ್ತು ದಿನ ಬಿಡದೆ ಆಸನ ಮಾಡುವುದಾಗಿ ಪಣ ತೊಡುವುದು, ಮುಗಿದ ದಿನ ಸಂತೋಷಪಡುವುದು, ಆಮೇಲೆ ‘ಇನ್ನೇನು ಮಾಡಲಿ?’ ಎಂದು ಕೇಳುವುದು ಇದರ ರೂಢಿ. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಯ ಕೆಲವು ಸದಸ್ಯರು ಮಕ್ಕಳಿಂದ ಕೇಳಿ, ತಗಡಿನ ಚಪ್ಪರದಡಿ ತಾವೂ ಹೀಗೆ ಮಾಡಬಹುದೇ ಎಂದು ವಿಚಾರಿಸಿದ್ದುಂಟು. ಇದರಲ್ಲಿ ಹುರುಳೆಷ್ಟು, ಅಪಾಯವೆಷ್ಟು, ಪಣ ಮುಗಿದ ಮೇಲೆ ಬೆಳೆಗಾರನಾದವನು ಇಟ್ಟುಕೊಳ್ಳಬೇಕಾದ ಗುರಿಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬಿಸಿಯೋಗ ಎಂದರೇನು?

ಇದನ್ನು ಜಗತ್ತಿನಲ್ಲಿ ಹಬ್ಬಿಸಿದವರು ಕಲಕತ್ತೆಯಲ್ಲಿ ಹುಟ್ಟಿದ ಬಿಕ್ರಮ್ ಚೌಧುರಿ. ಕಲಕತ್ತೆಯ ವ್ಯಾಯಾಮ ಗುರು ಬಿಷ್ಣು ಘೋಷರ ಶಿಷ್ಯರಾಗಿದ್ದ ಇವರು 1970ರ ದಶಕದಲ್ಲಿ ಅಮೆರಿಕೆಗೆ ಹೋಗಿ ಶಾಲೆ ತೆರೆದರು. ಕೋಣೆಯನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಗಾಳಿಯ ತೇವವನ್ನು ಶೇಕಡಾ 40ರಷ್ಟು ಇಟ್ಟು, 90 ನಿಮಿಷದಲ್ಲಿ 26 ಆಸನಗಳನ್ನೂ ಎರಡು ಉಸಿರಾಟದ ಅಭ್ಯಾಸಗಳನ್ನೂ ಒಂದೇ ಕ್ರಮದಲ್ಲಿ ಮಾಡಿಸುವುದು ಇವರ ಪದ್ಧತಿ. ಈ ಕ್ರಮ ತನ್ನ ಸ್ವಂತ ಸ್ವತ್ತೆಂದು ಅವರು ಹಕ್ಕು ಸಾಧಿಸಲು ಹೊರಟಿದ್ದರು. 2015ರಲ್ಲಿ ಅಮೆರಿಕೆಯ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆಸನಗಳ ಅನುಕ್ರಮಕ್ಕೆ ಗ್ರಂಥಸ್ವಾಮ್ಯ ಇಲ್ಲವೆಂದು ತೀರ್ಪಿತ್ತಿತು. ಹೀಗಾಗಿ ಇಂದು ಯಾರು ಬೇಕಾದರೂ ಬಿಸಿಕೋಣೆಯ ಯೋಗ ಕಲಿಸಬಹುದು.

ಚಳಿದೇಶದವರಿಗೆ ಕಾಯಿಸಿದ ಕೋಣೆ ಒಂದು ಹೊಸತನ. ನಮ್ಮಲ್ಲಿ ಸಂಗತಿ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮ ಬಯಲುಸೀಮೆಯ ಊರುಗಳಲ್ಲಿ ಉಷ್ಣತೆ 37-38 ಡಿಗ್ರಿ ಮುಟ್ಟುವುದು ಸಾಮಾನ್ಯ. ನೀರು ಹಾಯಿಸಿದ ಅಡಿಕೆ ತೋಟದೊಳಗೆ ನೆರಳಿದ್ದರೂ ಗಾಳಿಯಾಡದೆ ತೇವ ಕಟ್ಟಿಕೊಂಡಿರುತ್ತದೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರಿಗಂತೂ ಬಿಸಿಕೋಣೆ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಪಟ್ಟಣದವರು ಹಣ ಕೊಟ್ಟು ಕೊಳ್ಳುವ ಬಿಸಿ ನಮಗೆ ವರ್ಷದಲ್ಲಿ ಮೂರು ತಿಂಗಳು ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಮತ್ತಷ್ಟು ಕೂಡಿಸಿಕೊಳ್ಳಬೇಕೇ ಎಂಬುದೇ ಪ್ರಶ್ನೆ.

ಬಿಸಿಯಿಂದ ಲಾಭವೆಷ್ಟು?

ಬಿಸಿಯಲ್ಲಿ ಸ್ನಾಯುಗಳು ಬೇಗ ಸಡಿಲಾಗುತ್ತವೆ, ಮೈ ಸುಲಭವಾಗಿ ಬಾಗುತ್ತದೆ. ಇದು ನಿಜ. ಆದರೆ ಬೆವರು ಸುರಿದಷ್ಟೂ ಲಾಭ ಹೆಚ್ಚು ಎಂಬ ನಂಬಿಕೆಗೆ ಆಧಾರ ಸಾಲದು.

ಅಮೆರಿಕೆಯ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣ ತರುಣಿಯರಿಂದ ಎಂಟು ವಾರಗಳಲ್ಲಿ 24 ಸಲ ಈ ಅಭ್ಯಾಸ ಮಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ಬಾಗುವಿಕೆ ಹೆಚ್ಚಿತ್ತು. ಭಾರ ಎತ್ತುವ ಶಕ್ತಿಯೂ ಸ್ವಲ್ಪ ಹೆಚ್ಚಿತ್ತು. ಆದರೆ ಹೃದಯ ಮತ್ತು ಶ್ವಾಸಕೋಶಗಳ ದಮ್ಮು ಹೆಚ್ಚಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಳತೆಯಲ್ಲಿ 90 ನಿಮಿಷದ ಒಂದು ಪಾಠಕ್ಕೆ ಗಂಡಸರು ಸರಾಸರಿ 460, ಹೆಂಗಸರು 330 ಕ್ಯಾಲೊರಿ ಖರ್ಚು ಮಾಡಿದ್ದು ಕಂಡುಬಂತು. ಅಷ್ಟು ಹೊತ್ತು ಬಿರುಸಾಗಿ ನಡೆದರೂ ಹೆಚ್ಚುಕಡಿಮೆ ಇಷ್ಟೇ ಖರ್ಚಾಗುತ್ತದೆ. ಪಾಠ ಮುಗಿದ ಮೇಲೆ ತಕ್ಕಡಿಯಲ್ಲಿ ಕಾಣುವ ತೂಕದ ಇಳಿತ ಕೊಬ್ಬಿನದಲ್ಲ, ನೀರಿನದು. ಎರಡು ತಂಬಿಗೆ ನೀರು ಕುಡಿದರೆ ಮರಳಿ ಬರುತ್ತದೆ.

ಟೆಕ್ಸಾಸ್ ರಾಜ್ಯ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. 40ರಿಂದ 60 ವರ್ಷದ, ವ್ಯಾಯಾಮದ ರೂಢಿಯಿಲ್ಲದ ಜನರನ್ನು ಆರಿಸಿ ಒಂದು ಗುಂಪಿಗೆ 40.5 ಡಿಗ್ರಿಯ ಕೋಣೆಯಲ್ಲಿ, ಇನ್ನೊಂದು ಗುಂಪಿಗೆ 23 ಡಿಗ್ರಿಯ ಕೋಣೆಯಲ್ಲಿ 12 ವಾರ ಅವೇ ಆಸನಗಳನ್ನು ಮಾಡಿಸಿದರು. ರಕ್ತನಾಳಗಳು ಹಿಗ್ಗುವ ಗುಣ ಎರಡೂ ಗುಂಪುಗಳಲ್ಲಿ ಸುಧಾರಿಸಿತ್ತು. ಅಂದರೆ ಈ ಲಾಭ ಕೊಟ್ಟದ್ದು ಆಸನ, ಬಿಸಿ ಅಲ್ಲ.

ಇದರ ಜೊತೆಗೆ 2015ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕೇಂದ್ರದವರು ಬಿಸಿಕೋಣೆಯಲ್ಲಿ ಆಸನ ಮಾಡುವವರ ಒಡಲಿನ ಉಷ್ಣತೆಯನ್ನು ಅಳೆದು ನೋಡಿದರು. ಹಲವರಲ್ಲಿ ಅದು 103 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಒಬ್ಬನಲ್ಲಿ 104ನ್ನೂ ಮೀರಿತ್ತು. ಜ್ವರ ಬಂದವನ ಮೈಯ ಬಿಸಿ ಇದು. ಇದು ಎಚ್ಚರಿಕೆಯ ಮಾತು.

ನಮ್ಮ ನಾಡಿನ ಉದಾಹರಣೆಗಳು

ಯೋಗದ ವಿಷಯದಲ್ಲಿ ನಾವು ಕಲಕತ್ತೆ, ಅಮೆರಿಕೆಗಳವರೆಗೆ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಬಾಲ್ಯ ಕಾಯಿಲೆಗಳಲ್ಲೇ ಕಳೆಯಿತು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಇವೆಲ್ಲ ಕಾಡಿ ಬಡಕಲಾಗಿದ್ದ ಹುಡುಗ 1934ರಲ್ಲಿ ಮೈಸೂರಿಗೆ ಹೋಗಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ. ಅರಮನೆಯ ಆಶ್ರಯದಲ್ಲಿ ಆಗ ಮೈಸೂರಿನಲ್ಲಿ ಯೋಗಶಾಲೆ ನಡೆಯುತ್ತಿತ್ತು. 1936ರ ಸುಮಾರಿಗೆ ಕೃಷ್ಣಮಾಚಾರ್ಯರು ಶಿಷ್ಯರನ್ನು ಕರೆದುಕೊಂಡು ಉತ್ತರ ಕರ್ನಾಟಕದಲ್ಲಿ ಪ್ರದರ್ಶನ ಕೊಡುತ್ತ ಬಂದಾಗ ಧಾರವಾಡದ ಹೆಣ್ಣುಮಕ್ಕಳು ತಮಗೂ ಕಲಿಸಿರೆಂದು ಕೇಳಿದರು. ಎಲ್ಲರಿಗಿಂತ ಚಿಕ್ಕವನಾದ ಅಯ್ಯಂಗಾರ್‌ಗೆ ಆ ಕೆಲಸ ಬಂತು. ಅವರ ಗುರುತನದ ಆರಂಭ ಹೀಗೆ ನಮ್ಮ ಸೀಮೆಯಲ್ಲೇ ಆಯಿತು. ಆಗ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಧಾರವಾಡ ಜಿಲ್ಲೆಯ ಊರುಗಳು. ಸವಣೂರ ನವಾಬರ ಸಂಸ್ಥಾನ. ಈಗ ನಾಲ್ಕೂ 1997ರಲ್ಲಿ ಆದ ಹಾವೇರಿ ಜಿಲ್ಲೆಯಲ್ಲಿವೆ.

1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಕೊನೆಯವರೆಗೂ ಅಲ್ಲೇ ನೆಲೆಸಿ, 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೈ ಬಾಗದವರಿಗೆ ಗೋಡೆ, ಹಗ್ಗ, ಕುರ್ಚಿ, ಮಡಿಸಿದ ಕಂಬಳಿ ಇವುಗಳ ಆಸರೆ ಕೊಟ್ಟು ಆಸನ ಮಾಡಿಸುವುದು ಅವರ ವಿಶೇಷ. ಕೋಣೆ ಕಾಯಿಸಿ ಮೈಯನ್ನು ಬಾಗಿಸುವ ಬದಲು ಆಸರೆ ಕೊಟ್ಟು ನಿಧಾನವಾಗಿ ಬಾಗಿಸಿದರು. ಹಾಸನದ ಬಳಿಯ ಕೌಶಿಕದವರಾದ ಕೆ. ಪಟ್ಟಾಭಿ ಜೋಯಿಸರೂ (1915-2009) ಕೃಷ್ಣಮಾಚಾರ್ಯರ ಶಿಷ್ಯರೇ. ಮೈಸೂರಿನಲ್ಲಿ ಇವರು ಕಲಿಸಿದ ಅಷ್ಟಾಂಗ ಕ್ರಮದಲ್ಲೂ ಬಿಸಿಗೆ ಮಹತ್ವವಿದೆ. ಆದರೆ ಆ ಬಿಸಿ ಒಲೆಯಿಂದ ಬಂದದ್ದಲ್ಲ. ಉಸಿರಿಗೆ ಹೊಂದಿಸಿ ಬಿಡದೆ ಮಾಡುವ ಚಲನೆಯಿಂದ ಒಳಗೇ ಹುಟ್ಟಿದ್ದು.

ಇನ್ನು ಹಳ್ಳಿಯ ಜನರಿಗೆ ಯೋಗವನ್ನು ಮುಟ್ಟಿಸಿದವರೆಂದರೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿಯವರು. ‘ತಿರುಕ’ ಎಂಬ ಹೆಸರಿನಿಂದ ಪುಸ್ತಕ ಬರೆದ ಇವರು 1996ರಲ್ಲಿ ತೀರಿಕೊಳ್ಳುವವರೆಗೆ ನಾಡಿನ ಊರೂರುಗಳಲ್ಲಿ ಶಿಬಿರ ನಡೆಸಿ ಸಾವಿರಾರು ಜನರಿಗೆ ಆಸನ, ಸೂರ್ಯನಮಸ್ಕಾರಗಳನ್ನು ಕಲಿಸಿದರು. ಇಂಥ ಶಿಬಿರಗಳಿಗೆ ಒಂದು ಚಾಪೆ, ಬೆಳಗಿನ ತಂಪು ಹೊತ್ತು, ಇಷ್ಟಿದ್ದರೆ ಸಾಕಾಗುತ್ತಿತ್ತು.

ನಮ್ಮ ಪಣ: ರಥಸಪ್ತಮಿಯ 108

ಮೂವತ್ತು ದಿನದ ಪಣಕ್ಕೆ ಸಮನಾದದ್ದು ನಮ್ಮಲ್ಲೂ ಉಂಟು. ಮಾಘ ಶುದ್ಧ ಸಪ್ತಮಿಯ ದಿನ 108 ಸೂರ್ಯನಮಸ್ಕಾರ ಹಾಕುವ ರೂಢಿ ಕರ್ನಾಟಕದ ಅನೇಕ ಊರುಗಳಲ್ಲಿದೆ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಈ ಹೊತ್ತು ಅಡಿಕೆ ಬೆಳೆಗಾರನಿಗೆ ಅನುಕೂಲ. ಕೊಯ್ಲು, ಬೇಯಿಸುವ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ; ಬಿಸಿಲು ಇನ್ನೂ ಏರಿರುವುದಿಲ್ಲ.

ನಾವು ಕೆಲವರು ಒಂದು ಮಂಡಲ, ಅಂದರೆ 48 ದಿನ ಮುಂಚಿತವಾಗಿ ಆರಂಭಿಸಿ ಈ ಪಣವನ್ನು ಪೂರೈಸಿದೆವು. ಕ್ರಮ ಸುಲಭವಾದದ್ದು. ಮೊದಲ ಐದು ದಿನ 12 ನಮಸ್ಕಾರ. ಆಮೇಲೆ ಐದು ದಿನಕ್ಕೊಮ್ಮೆ 12ರಂತೆ ಹೆಚ್ಚಿಸುತ್ತ ಹೋದರೆ 36ರಿಂದ 40ನೆಯ ದಿನಗಳಲ್ಲಿ 96 ಆಗುತ್ತದೆ. ಮುಂದಿನ ಏಳು ದಿನ ಅಷ್ಟಕ್ಕೇ ನಿಂತು, ನಡುವೆ ಒಂದು ದಿನ ಬಿಡುವು ಕೊಟ್ಟು, 48ನೆಯ ದಿನ 108. ಒಂದಕ್ಕೆ ಅರ್ಧ ನಿಮಿಷದಂತೆ ಲೆಕ್ಕ ಹಿಡಿದರೆ 54 ನಿಮಿಷದ ಕೆಲಸ; ಪ್ರತಿ ಹನ್ನೆರಡಕ್ಕೊಮ್ಮೆ ನಿಂತು ಉಸಿರು ತೆಗೆದುಕೊಂಡರೆ ಒಂದು ಗಂಟೆ ದಾಟುತ್ತದೆ. ಸೂರ್ಯೋದಯದ ಹೊತ್ತಿಗೆ ಅಡಿಕೆ ಒಣಗಿಸುವ ಕಣದ ಮೇಲೇ ಮಾಡಿದೆವು. ಹೊಟ್ಟೆ ಖಾಲಿ ಇರಬೇಕು, ನೆಲ ಜಾರಬಾರದು, ಇಷ್ಟೇ ಸಿದ್ಧತೆ.

ಪೂರೈಸಿದ ದಿನ ಎಲ್ಲರಿಗೂ ಸಂತೋಷವಾಯಿತು. ಹೇಳಬೇಕಾದದ್ದು ಅದರ ಮುಂದಿನ ತಿಂಗಳ ಸಂಗತಿ.

ಪಣ ಮುಗಿದ ಮೇಲೆ ಬರುವ ಎರಡು ತೊಡಕುಗಳು

ಮೊದಲನೆಯದು, ನಿಂತುಹೋಗುವುದು. ಗುರಿ ಒಂದು ದಿನಾಂಕಕ್ಕೆ ಕಟ್ಟಿದ್ದಾಗ ಆ ದಿನ ಕಳೆದ ಕೂಡಲೇ ಗುರಿಯೂ ಕಳೆಯುತ್ತದೆ. ನಮ್ಮ ಗುಂಪಿನಲ್ಲಿ ಶಿವರಾತ್ರಿಯ ಹೊತ್ತಿಗೆ ಅರ್ಧ ಜನ ಚಾಪೆ ಸುತ್ತಿಟ್ಟಿದ್ದರು. ಮೈಯ ಸ್ವಭಾವ ಕಾಲುವೆಯ ನೀರಿನಂಥದು. ಬಿಟ್ಟರೆ ಹೂಳು ತುಂಬಿಕೊಳ್ಳುತ್ತದೆ. 48 ದಿನದಲ್ಲಿ ಗಳಿಸಿದ ದಮ್ಮು ಪೂರಾ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಆದರೆ ಗಳಿಸಲು ಬೇಕಾದಷ್ಟು ಶ್ರಮ ಉಳಿಸಿಕೊಳ್ಳಲು ಬೇಕಾಗಿಲ್ಲ. ವಾರಕ್ಕೆ ಎರಡು ಮೂರು ದಿನದ ಅಭ್ಯಾಸದಿಂದ ಬಹುಪಾಲು ಉಳಿಯುತ್ತದೆ.

ಎರಡನೆಯದು ಹೆಚ್ಚು ಅಪಾಯದ್ದು. ಪಣ ಗೆದ್ದವನಿಗೆ ‘ನಾನು ತಡೆದುಕೊಳ್ಳಬಲ್ಲೆ’ ಎಂಬ ಭಾವ ಬರುತ್ತದೆ. ಬಿಸಿಕೋಣೆಯಲ್ಲಿ ಅಭ್ಯಾಸ ಮಾಡಿದವರಿಗೆ ಇದು ಇನ್ನೂ ಜಾಸ್ತಿ, ಏಕೆಂದರೆ ಅಲ್ಲಿ ತಲೆ ಸುತ್ತಿದರೂ ಹೊರಗೆ ಹೋಗದೆ ಕೂತಿರುವುದನ್ನೇ ಸಾಧನೆಯೆಂದು ಎಣಿಸುವುದುಂಟು. ಈ ಭಾವವನ್ನು ಏಪ್ರಿಲ್ ತಿಂಗಳ ಹನ್ನೆರಡು ಗಂಟೆಯ ಬಿಸಿಲಿಗೆ ಒಯ್ದರೆ ಪ್ರಾಣಕ್ಕೆ ಸಂಚಕಾರ. ನಮ್ಮ ಜೊತೆಗಾರರೊಬ್ಬರು ಆ ಬೇಸಿಗೆಯಲ್ಲಿ ಮಧ್ಯಾಹ್ನ ನಿಲ್ಲದೆ ಗೊಬ್ಬರ ಹೊತ್ತು, ಕಾಲಿನ ಮೀನಖಂಡ ಹಿಡಿದು, ವಾಂತಿಯಾಗಿ ಕುಸಿದರು. ಕೂಡಲೇ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಸಕ್ಕರೆ-ಉಪ್ಪಿನ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಬೆವರು ಸುರಿಸುವುದು ಗುರಿಯಲ್ಲ, ಕೆಲಸಕ್ಕೆ ಒದಗುವ ಮೈ ಗುರಿ ಎಂಬುದನ್ನು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಬಿಸಿಲಿಗೆ ಮೈ ಒಗ್ಗುವ ಬಗೆ

ಬೆವರು ಮೈಯನ್ನು ತಂಪು ಮಾಡುವುದು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರಾ ಆರಿದರೆ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಹೋದವು, ತಂಪು ಬರಲಿಲ್ಲ ಎಂಬಂತಾಗುತ್ತದೆ. ಮುಚ್ಚಿದ ಬಿಸಿಕೋಣೆಯಲ್ಲೂ, ನೀರು ಹಾಯಿಸಿದ ಒತ್ತು ತೋಟದಲ್ಲೂ, ಹಂಡೆಯ ಮನೆಯಲ್ಲೂ ಆಗುವುದು ಇದೇ. ತಗಡಿನ ಚಪ್ಪರದಡಿ ಮಧ್ಯಾಹ್ನ ಆಸನ ಮಾಡಬಾರದೆಂದು ನಾವು ಹೇಳುವುದಕ್ಕೆ ಇದು ಕಾರಣ.

ಆದರೆ ಮೈ ಬಿಸಿಲಿಗೆ ಒಗ್ಗುವುದೂ ನಿಜ. ಒಂದರಿಂದ ಎರಡು ವಾರ ದಿನವೂ ಸ್ವಲ್ಪ ಸ್ವಲ್ಪ ಬಿಸಿಯಲ್ಲಿ ಕೆಲಸ ಮಾಡಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಅಷ್ಟಾಗಿ ಏರುವುದಿಲ್ಲ. ಬಿಸಿಲು ಬಿಟ್ಟರೆ ಕೆಲವು ವಾರಗಳಲ್ಲಿ ಈ ಗುಣ ಹೋಗುತ್ತದೆ. ಹೀಗಾಗಿ ಹೋದ ವರ್ಷದ ರೂಢಿ ಈ ವರ್ಷಕ್ಕೆ ಬಾರದು.

ಹೊಸದಾಗಿ ಬಿಸಿಲಿಗೆ ಬಂದ ಕೆಲಸಗಾರನಿಗೆ ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಬೇಕೆಂಬುದು ಅಮೆರಿಕೆಯ ಕಾರ್ಮಿಕ ಆರೋಗ್ಯ ಸಂಸ್ಥೆಯ ಸಲಹೆ. ಇದನ್ನು ನಮ್ಮ ತೋಟಗಳಲ್ಲಿ ಪಾಲಿಸುವುದು ಕಷ್ಟವಲ್ಲ. ಕಾಯಿಲೆ ಬಿದ್ದು ಎದ್ದವರು, ಬಹಳ ದಿನ ಊರಲ್ಲಿಲ್ಲದೆ ಮರಳಿದವರು, ಪಟ್ಟಣದಿಂದ ರಜೆಗೆ ಬಂದ ಮಕ್ಕಳು ಇವರೆಲ್ಲ ‘ಹೊಸಬರೇ’ ಎಂದು ತಿಳಿಯಬೇಕು. ಬಾಯಾರುವ ತನಕ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಒಮ್ಮೆಗೇ ಚರಿಗೆಗಟ್ಟಲೆ ಬರೀ ನೀರು ಕುಡಿಯುವುದೂ ಸರಿಯಲ್ಲ. ರಕ್ತದ ಉಪ್ಪಿನಂಶ ಇಳಿದು ತೊಂದರೆಯಾಗುತ್ತದೆ. ಹೆಚ್ಚು ಬೆವರಿದ ದಿನ ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವ ನಮ್ಮ ಹಳೆಯ ರೂಢಿ ಯೋಗ್ಯವಾದದ್ದು. ತೀರ ನಿತ್ರಾಣವಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟಸ ಚಹಾ ಚಮಚ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು.

ಬಿಸಿಲಿನಲ್ಲಿ ದುಡಿಯುವವನು ಅಸಂಬದ್ಧ ಮಾತಾಡತೊಡಗಿದರೆ, ತೂರಾಡಿದರೆ, ಮೈ ಕಾದ ಹೆಂಚಿನಂತಿದ್ದರೆ ಅದು ಬಿಸಿಲಿನ ಆಘಾತ. ಬೆವರು ಇದ್ದರೂ ಇರಬಹುದು, ನಿಂತಿದ್ದರೂ ನಿಂತಿರಬಹುದು. ತಡ ಮಾಡದೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕುತ್ತಿರಬೇಕು. 108ಕ್ಕೆ ಫೋನು ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಹೊಸ ಗುರಿಗಳನ್ನು ಇಟ್ಟುಕೊಳ್ಳುವ ಕ್ರಮ

ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ ಗುರಿ ಇಡುವ ಮೊದಲು ಮೈಯ ಪರೀಕ್ಷೆ ಮಾಡಿಕೊಳ್ಳಬೇಕು. ಇದಕ್ಕೆ ಯಂತ್ರ ಬೇಕಾಗಿಲ್ಲ. ಕೆಳಗಿನ ನಾಲ್ಕನ್ನು ಮನೆಯಲ್ಲೇ ನೋಡಿಕೊಳ್ಳಬಹುದು.

1. ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಗೆ ಅಡ್ಡ ಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂಡಬಲ್ಲಿರಿ ಎಂದು ಎಣಿಸಿ. ಇದು ತೊಡೆಯ ಬಲದ ಅಳತೆ.

2. ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲಿ. ಹತ್ತು ಸೆಕೆಂಡು ನಿಲ್ಲಲಾಗದಿದ್ದರೆ ಮಳೆಗಾಲದ ಜಾರು ತೋಟದಲ್ಲಿ ಬೀಳುವ ಸಂಭವ ಹೆಚ್ಚು.

3. ನೆಲದ ಮೇಲೆ ಕುಳಿತು ಎದ್ದೇಳಿ. ಕೈ, ಮೊಣಕಾಲುಗಳ ಆಸರೆ ಎಷ್ಟು ಬೇಕಾಯಿತು ಎಂದು ನೋಡಿ. ಬ್ರೆಜಿಲಿನ ವೈದ್ಯರು 51ರಿಂದ 80 ವರ್ಷದ 2002 ಜನರಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಸರೆ ಹೆಚ್ಚು ಬೇಕಾದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣವೂ ಹೆಚ್ಚಾಗಿತ್ತು.

4. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷದ ನಾಡಿ ಬಡಿತ ಎಣಿಸಿ ಬರೆದಿಡಿ. ತಿಂಗಳುಗಟ್ಟಲೆ ನಡಿಗೆಯ ಅಭ್ಯಾಸದಿಂದ ಇದು ನಿಧಾನವಾಗಿ ಇಳಿಯುತ್ತದೆ. ಇದ್ದಕ್ಕಿದ್ದಂತೆ ಏರಿದ ದಿನ ಮೈಗೆ ಬಿಡುವು ಬೇಕೆಂದು ತಿಳಿಯಿರಿ.

ಈ ನಾಲ್ಕು ಅಂಕಿಗಳನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆಗೆ ಬರೆದು, ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಹೊಸ ಗುರಿ ನೆರೆಯವನ ಅಂಕಿಯನ್ನು ಮೀರಿಸುವುದಲ್ಲ. ನಮ್ಮ ಹಿಂದಿನ ಅಂಕಿಯನ್ನು ಮೀರಿಸುವುದು. ವಯಸ್ಸಾದಂತೆ ಅದನ್ನು ಇಳಿಯಗೊಡದೆ ಇರುವುದೇ ದೊಡ್ಡ ಗೆಲವು.

ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯುಬಲದ ಅಭ್ಯಾಸ, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಹೊಲ ತೋಟದ ದುಡಿಮೆಯೂ ಈ ಶ್ರಮದಲ್ಲಿ ಸೇರುತ್ತದೆ. ಹಾಗಾದರೆ ದುಡಿಯುವವನಿಗೆ ವ್ಯಾಯಾಮ ಏಕೆಂದು ಕೇಳಬಹುದು. ತೋಟದ ಕೆಲಸ ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ, ಅದಕ್ಕಾಗಿ. ದೋಟಿಯಿಂದ ಕೊನೆ ಕೊಯ್ಯುವವನ ಕುತ್ತಿಗೆ ದಿನವಿಡೀ ಹಿಂದಕ್ಕೆ ಬಾಗಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಬೆನ್ನು ತಾಸುಗಟ್ಟಲೆ ಮುಂದಕ್ಕೆ ಬಾಗಿರುತ್ತದೆ. ಇಬ್ಬರಿಗೂ ಒಂದೇ ಆಸನ ಹೇಳಿದರೆ ಆಗದು. ಮೊದಲಿನವನು ಗದ್ದವನ್ನು ಮೆಲ್ಲಗೆ ಎದೆಯ ಕಡೆಗೆ ಇಳಿಸಿ ಕುತ್ತಿಗೆ ಸಡಿಲಿಸಬೇಕು. ಸುಲಿಯುವವರು ಭುಜಂಗಾಸನ, ಶಲಭಾಸನಗಳಿಂದ ಬೆನ್ನನ್ನು ಹಿಂದಕ್ಕೆ ತರಬೇಕು. ಕೆಲಸ ಯಾವ ಕಡೆ ಬಗ್ಗಿಸಿತೋ ಅದರ ವಿರುದ್ಧ ದಿಕ್ಕಿಗೆ ಮೈ ತರುವುದು ಎಂಬ ಒಂದು ಸೂತ್ರ ನೆನಪಿಟ್ಟರೆ ಸಾಕು.

ಕಾಲಕ್ಕೆ ತಕ್ಕ ಗುರಿ

ಬೆಳೆಗೆ ಕಾಲವಿದ್ದಂತೆ ಅಭ್ಯಾಸಕ್ಕೂ ಕಾಲವಿದೆ. ಅಡಿಕೆ ಬೆಳೆಗಾರರಿಗೆ ಈ ಕ್ರಮ ಹೊಂದುತ್ತದೆ.

ರಥಸಪ್ತಮಿಯಿಂದ ಯುಗಾದಿಯವರೆಗೆ: 108ರಿಂದ 24ಕ್ಕೆ ಇಳಿಸಿ, ವಾರಕ್ಕೆ ನಾಲ್ಕು ದಿನ ಉಳಿಸಿಕೊಳ್ಳುವುದು. ಉಳಿದ ದಿನಗಳಲ್ಲಿ ಎರಡು ದಿನ ಬೆಳಿಗ್ಗೆ ಅರ್ಧ ಗಂಟೆ ಬಿರುಸು ನಡಿಗೆ. ಆಸನದಿಂದ ಬಾರದ ದಮ್ಮು ಇದರಿಂದ ಬರುತ್ತದೆ.

ಏಪ್ರಿಲ್, ಮೇ: ಬಿಸಿಲೇ ಸಾಕಷ್ಟು ಪರೀಕ್ಷೆ ಮಾಡುತ್ತದೆ. ಸೂರ್ಯೋದಯಕ್ಕೆ ಮುಂಚೆ 12 ನಮಸ್ಕಾರ, ಸ್ವಲ್ಪ ಪ್ರಾಣಾಯಾಮ. ಈ ಎರಡು ತಿಂಗಳ ಗುರಿ ಹೆಚ್ಚಿಸುವುದಲ್ಲ, ಬಿಡದಿರುವುದು. ತೋಟದ ಭಾರದ ಕೆಲಸವನ್ನೂ ಹತ್ತು ಗಂಟೆಯೊಳಗೆ, ಇಲ್ಲವೆ ನಾಲ್ಕರ ಮೇಲೆ ಇಟ್ಟುಕೊಳ್ಳಬೇಕು.

ಜೂನ್‌ನಿಂದ ಆಗಸ್ಟ್: ಮಳೆಗೆ ಮನೆಯೊಳಗೆ ಇರುವ ಹೊತ್ತು ಹೆಚ್ಚು. 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿ ಆಚರಣೆಯಲ್ಲಿದೆ. ಅದನ್ನು ಒಂದು ದಿನದ ಸಮಾರಂಭಕ್ಕೆ ಬಿಡದೆ ಆ ದಿನ ನಾಲ್ಕೂ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು. ವೃಕ್ಷಾಸನದಿಂದ ಸಮತೋಲ, ಕುರ್ಚಿಯಿಂದ ಎದ್ದು ಕೂಡುವುದರಿಂದ ತೊಡೆಯ ಬಲ ಬೆಳೆಸಲು ಇದು ತಕ್ಕ ಕಾಲ. ಕೊಯ್ಲಿಗೆ ಬೇಕಾಗುವ ಬಲವನ್ನು ಈಗಲೇ ಕೂಡಿಡಬೇಕು.

ಸೆಪ್ಟೆಂಬರ್‌ನಿಂದ ಡಿಸೆಂಬರ್: ಕೊಯ್ಲೇ ವ್ಯಾಯಾಮ. ಮಲಗುವ ಮುಂಚೆ ಹತ್ತು ನಿಮಿಷ ಮೇಲೆ ಹೇಳಿದ ವಿರುದ್ಧ ದಿಕ್ಕಿನ ಆಸನಗಳು, ಕೊನೆಗೆ ಶವಾಸನ. ಹಂಡೆಯ ಮುಂದೆ ನಿಂತು ಬಂದ ದಿನ ಬೇರೆ ಯಾವ ಅಭ್ಯಾಸವೂ ಬೇಡ.

ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೆ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿಯವರೆಗೂ ಇರುವುದರಿಂದ ರಥಸಪ್ತಮಿಯ ಪಣ ಹೊಂದಲಾರದು. ಅವರು ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಆರಂಭಿಸಿ ಕೊಯ್ಲಿಗೆ ಮುಂಚೆ ಮುಗಿಸುವುದು ಒಳ್ಳೆಯದು. ಇಳಿಜಾರಿನ ತೋಟವಾದ್ದರಿಂದ ಮೊಣಕಾಲಿನ ಸುತ್ತಲಿನ ಸ್ನಾಯುಗಳಿಗೆ ಹೆಚ್ಚು ಗಮನ ಕೊಡಬೇಕು.

ಯಾರು ಎಚ್ಚರದಿಂದಿರಬೇಕು?

ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಕಾಯಿಸಿದ ಕೋಣೆಯ ಯೋಗಕ್ಕೆ ಹೋಗಬಾರದು. ತಂಪು ಹೊತ್ತಿನ ಅಭ್ಯಾಸವನ್ನೂ ಡಾಕ್ಟರರನ್ನು ಕೇಳಿಯೇ ಆರಂಭಿಸಬೇಕು. ಕುಡಿದ ಮರುದಿನ ಬಿಸಿಲಿನ ಕೆಲಸವೂ ಕಷ್ಟ, ಬಿಸಿಯೋಗವಂತೂ ಸಲ್ಲದು. ಮಕ್ಕಳು ಪಟ್ಟಣದಲ್ಲಿ ಬಿಸಿಕೋಣೆಗೆ ಹೋಗುತ್ತಿದ್ದರೆ ಬೈಯಬೇಕಾಗಿಲ್ಲ. ಆರೋಗ್ಯವಂತರಾದ ತರುಣರು ನೀರು ಕುಡಿದುಕೊಂಡು, ತಲೆ ಸುತ್ತಿದ ಕೂಡಲೇ ಹೊರಗೆ ಬರುವ ಸ್ವಾತಂತ್ರ್ಯವಿರುವ ಕಡೆ ಮಾಡಿದರೆ ಬಾಧಕವಿಲ್ಲ. ಹೊರಗೆ ಬರಬೇಡಿರೆಂದು ತಡೆಯುವ ಗುರುವಿದ್ದರೆ ಆ ಶಾಲೆಯನ್ನು ಬಿಡುವುದು ಲೇಸು.

ಪಣ ತೊಡುವುದು ಒಳ್ಳೆಯದೇ. ಸಸಿ ನೆಡುವುದೂ ಒಳ್ಳೆಯದೇ. ಆದರೆ ಸಸಿ ನೆಟ್ಟ ದಿನ ಫಲ ಬಂತೆಂದು ಯಾವ ಅಡಿಕೆ ಬೆಳೆಗಾರನೂ ಹೇಳುವುದಿಲ್ಲ. ಐದಾರು ವರ್ಷ ನೀರು, ನೆರಳು, ಗೊಬ್ಬರ ಕೊಟ್ಟು ಕಾಯುವುದು ನಮಗೆ ರೂಢಿಯಾಗಿದೆ. ಅದೇ ತಾಳ್ಮೆಯನ್ನು ನಮ್ಮ ಮೈಗೂ ತೋರಿಸೋಣ. ಸದಸ್ಯರು ತಮ್ಮ ನಾಲ್ಕು ಅಂಕಿಗಳನ್ನು ಈ ವಾರವೇ ಬರೆದಿಡಬೇಕೆಂದೂ, ಮೂರು ತಿಂಗಳ ಮೇಲೆ ಕಂಡ ಬದಲಾವಣೆಯನ್ನು ನಮ್ಮ ಕಾರ್ಯಾಲಯಕ್ಕೆ ತಿಳಿಸಬೇಕೆಂದೂ ವಿನಂತಿ.